ದಡದ ದಾರಿಯೂ ದ್ವೀಪದ ಕುಟೀರವೂ

ಕೆನಡಾ ದೇಶದ ಆಂಟೇರಿಯೋ ಪ್ರಾಂತದಲ್ಲಿ ಟೊರಾಂಟೋ ನಗರವನ್ನು ಬಿಟ್ಟು ಉತ್ತರಕ್ಕೆ ನಡೆದರೆ ಮಸ್ಕೋಕಾ ಎಂಬ ಸರೋವರಗಳ ಸೀಮೆ ಸಿಕ್ಕುತ್ತದೆ. ಅದು ಬಂಡೆಯ ನಾಡು. ಬಂಡೆಗಳ ನಡುವೆ ನೀರು, ನೀರಿನ ನಡುವೆ ಪೈನ್ ಮರಗಳ ದ್ವೀಪಗಳು. ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟಿರುತ್ತವೆ. ಜುಲೈ ಆಗಸ್ಟ್ ಬಂದಿತೆಂದರೆ ನಗರದ ಸಂಸಾರಗಳು ದೋಣಿಯೇರಿ ತಮ್ಮ ದ್ವೀಪಗಳ ಕುಟೀರಗಳನ್ನು ಸೇರುತ್ತವೆ. ಈ ಬೇಸಗೆಯ ಮನೆಗಳನ್ನು ಕುರಿತು ಅಲ್ಲಿನ ಟೌನ್‌ಷಿಪ್ ಕೌನ್ಸಿಲುಗಳ ಮುಂದೆ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದುಂಟು: ದಡದ ನೆಲವು ಸಾರ್ವಜನಿಕರ ದಾರಿಗೆ ಸಲ್ಲಬೇಕೋ, ಕುಟೀರದವರಿಗೆ ಸಲ್ಲಬೇಕೋ?

ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರದ ಸರ್ವೆಯವರು ಆ ಕಾಡನ್ನು ಅಳೆದಾಗ, ಎಷ್ಟೋ ಸರೋವರಗಳ ಅಂಚಿನುದ್ದಕ್ಕೂ, ಕೆಲವು ದ್ವೀಪಗಳ ಸುತ್ತಲೂ, 66 ಅಡಿ ಅಗಲದ ಪಟ್ಟಿಯನ್ನು ರಸ್ತೆಗೆಂದು ಉಳಿಸಿಕೊಂಡು ಹಿಂದಣ ನೆಲವನ್ನು ಮಾತ್ರ ಖಾಸಗಿಯವರಿಗೆ ಕೊಟ್ಟರು. 66 ಅಡಿಯೇ ಏಕೆಂದರೆ, ಎಡ್ಮಂಡ್ ಗಂಟರ್ ಎಂಬ ಆಂಗ್ಲ ಗಣಿತಜ್ಞನು 1620ರಲ್ಲಿ ರೂಢಿಗೆ ತಂದ ಅಳತೆಯ ಸರಪಳಿಯ ಉದ್ದವೇ ಅಷ್ಟು. ನಮ್ಮ ರೈತನ ಗುಂಟೆಯೂ ಅದರ ನೆಂಟನೇ. ಸರಪಳಿಯ ಅರ್ಧ, ಎಂದರೆ 33 ಅಡಿ, ಉದ್ದಗಲವಾದರೆ ಒಂದು ಗುಂಟೆ. ಕ್ರಿಕೆಟ್ಟಿನ ವಿಕೆಟ್ಟುಗಳ ನಡುವಣ ದೂರವೂ ಅದೇ.

ಈ ರಸ್ತೆಗಳು ಬಹುಮಟ್ಟಿಗೆ ನಕ್ಷೆಯಲ್ಲಿಯೇ ಉಳಿದುವು. ಕಟ್ಟೆಗಳಿಂದ ನೀರು ಏರಿದ ಕಡೆಗಳಲ್ಲಿ ಪಟ್ಟಿಯ ಒಂದು ಭಾಗ ಮುಳುಗಿಯೂ ಹೋಯಿತು. ನೀರಿನ ಅಂಚಿನವರೆಗೆ ತಮ್ಮದೇ ಎಂದು ನಂಬಿದ ಕುಟೀರದವರು ಅದರ ಮೇಲೆ ಮೆಟ್ಟಿಲು, ದೋಣಿಮನೆಗಳನ್ನು ಕಟ್ಟಿಕೊಂಡರು. ಸುತ್ತಿ ಸುತ್ತಿ ಹೊರಟಲ್ಲಿಗೇ ಬರುವ ದ್ವೀಪದ ದಾರಿಯಲ್ಲಿ ನಡೆಯುವವರಾದರೂ ಯಾರು ಎಂದು ಅವರು ಕೇಳುವುದು ಸಹಜವೇ. ಆದರೆ ಹುಟ್ಟುಹಾಕುತ್ತ ದಣಿದು ಬಂದವನಿಗೆ ದೋಣಿಯನ್ನೆಳೆದು ಕುಳಿತುಕೊಳ್ಳಲು ಹಕ್ಕಿರುವ ನೆಲವೂ ಅದೊಂದೇ.

ಇನ್ನು ಮಲಿನಜಲದ ಸಂಗತಿ. ದಡದ ಮೇಲಿನ ಊರುಗಳಲ್ಲಾದರೆ ತೊಟ್ಟಿ ತುಂಬಿದಾಗ ಲಾರಿ ಬಂದು ಬಳಿದುಕೊಂಡು ಹೋಗುತ್ತದೆ. ದ್ವೀಪಕ್ಕೆ ಲಾರಿ ಸುಲಭವಾಗಿ ಬರುವಂತಿಲ್ಲ. ಆದುದರಿಂದ ಸಂಡಾಸಿನ ಗುಂಡಿಯಿಂದ ತೃಪ್ತಿಪಡದವರಿಗೆ ಸಾಮಾನ್ಯವಾಗಿ ಸೆಪ್ಟಿಕ್ ತೊಟ್ಟಿಯೇ ಗತಿ. ತೊಟ್ಟಿಯಲ್ಲಿ ಗಷ್ಟು ತಳಕ್ಕಿಳಿಯುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಣ ನೀರು ರಂಧ್ರವುಳ್ಳ ಕೊಳವೆಗಳ ಮೂಲಕ ನೆಲದಲ್ಲಿ ಹಾಸಿದ ಪಾತಿಗೆ ಹರಿದು ಇಂಗುತ್ತದೆ. ನಿಜವಾದ ಶುದ್ಧಿ ನಡೆಯುವುದು ತೊಟ್ಟಿಯಲ್ಲಲ್ಲ, ಈ ಪಾತಿಯ ಮಣ್ಣಿನಲ್ಲಿ; ಅಲ್ಲಿನ ಸೂಕ್ಷ್ಮಜೀವಿಗಳೇ ಅದನ್ನು ನಡೆಸುತ್ತವೆ. ಬಂಡೆಗೂ ಪಾತಿಯ ತಳಕ್ಕೂ ನಡುವೆ 900 ಮಿಲಿಮೀಟರು ಮಣ್ಣು ಬೇಕೆಂಬುದು ಪ್ರಾಂತದ ಕಟ್ಟಡ ನಿಯಮ. ಗೇಣುದ್ದ ಮಣ್ಣೂ ಇಲ್ಲದ ದ್ವೀಪಕ್ಕೆ ಮರಳನ್ನು ದೋಣಿಯಲ್ಲಿ ಸಾಗಿಸಿ ದಿಬ್ಬಹಾಕಬೇಕಾಗುತ್ತದೆ. ಬೇಸಗೆಯ ಮನೆಗೆ ಇನ್ನೊಂದು ತೊಡಕು: ಹತ್ತು ತಿಂಗಳು ಬಳಕೆಯಿಲ್ಲದೆ ಇದ್ದ ತೊಟ್ಟಿಗೆ ಒಂದು ಶನಿವಾರ ಹತ್ತು ಹನ್ನೆರಡು ಮಂದಿಯ ನೀರು ಒಟ್ಟಿಗೆ ನುಗ್ಗಿದರೆ, ಗಷ್ಟು ತಂಗಲು ಹೊತ್ತಿಲ್ಲದೆ ಪಾತಿಗೇ ಹೋಗಿ ಕಟ್ಟಿಕೊಳ್ಳುತ್ತದೆ. ಆಗ ಸೋರುವ ನೀರಿನಲ್ಲಿ ರೋಗಾಣುಗಳಿರುತ್ತವೆ. ಪಾಚಿಯನ್ನು ಬೆಳೆಸುವ ರಂಜಕವೂ ಇರುತ್ತದೆ. ನೆರೆಯ ಕುಟೀರದವನು ಕುಡಿಯಲು ಸೇದುವುದು ಎಷ್ಟೋ ವೇಳೆ ಅದೇ ಸರೋವರದ ನೀರನ್ನು.

ಅದಕ್ಕಾಗಿ ನಿಯಮವು ಪಾತಿಯ ಕೊಳವೆಗಳನ್ನು ಸರೋವರದಿಂದ 15 ಮೀಟರು, ನೆಲದ ಎಲ್ಲೆಯಿಂದ 3 ಮೀಟರು ದೂರವಿಡಲು ಹೇಳುತ್ತದೆ. ದಿಬ್ಬದ ಪಾತಿಗೆ ಇನ್ನೂ ಹೆಚ್ಚು. ಈಗ ಲೆಕ್ಕ ಹಾಕಿ ನೋಡಿ. 66 ಅಡಿ ಎಂದರೆ 20 ಮೀಟರು. ಪಟ್ಟಿಯು ಸಾರ್ವಜನಿಕವಾಗಿರುವಷ್ಟು ಕಾಲ, ಅದು ಮುಳುಗದ ಕಡೆ, ಪಾತಿಯು ನೀರಿನಿಂದ 23 ಮೀಟರು ಹಿಂದಿರಲೇಬೇಕು. ಕೌನ್ಸಿಲಿಗೆ ಪಟ್ಟಿಯನ್ನು ಮುಚ್ಚಿ ಮಾರುವ ಅಧಿಕಾರವುಂಟು. ಮಾರಿತೋ, ಪಾತಿಯು 15ಕ್ಕೆ ಇಳಿದು ಬರಬಹುದು. ದಾರಿಯೂ ಚರಂಡಿಯೂ ಒಂದಕ್ಕೊಂದು ಶತ್ರುಗಳೆಂಬ ಮಾತು ಇಲ್ಲಿ ಅರ್ಧ ಸತ್ಯ. ಯಾರೂ ನಡೆಯದ ಈ ರಸ್ತೆಯು ಯಾರೂ ನೇಮಿಸದಿದ್ದರೂ ನೀರಿಗೆ ಕಾವಲಾಗಿ ನಿಂತಿದೆ.

ಹಾಗೆಂದು ಎಂದೂ ಮಾರಕೂಡದೆಂದು ಹಟ ಹಿಡಿಯುವುದೂ ಸರಿಯಲ್ಲ. ದ್ವೀಪವು ಕಿರಿದಾಗಿ, ಹಳೆಯ ಗುಂಡಿಯೊಂದು ನೀರಿನ ಬಳಿಯೇ ಸೋರುತ್ತಿದ್ದರೆ, ಹೊಸ ಪಾತಿಗೆ ಎಡೆಕೊಡದಿರುವುದರಿಂದ ಸೋರುವುದೇ ಮುಂದುವರಿಯುತ್ತದೆ. ಅಂಥಲ್ಲಿ ಪಟ್ಟಿಯ ಹಿಂದಣ ಅಂಚನ್ನು ಮಾತ್ರ, ಪಾತಿಯನ್ನು ಆದಷ್ಟು ಮೇಲಕ್ಕೆ ಇಡಬೇಕೆಂಬ ಷರತ್ತಿನಿಂದ, ಬಿಟ್ಟುಕೊಡಬಹುದು. ನೀರಿನ ಅಂಚು ಜನರದಾಗಿಯೇ ಉಳಿಯಲಿ. ದೋಣಿಮನೆಗೆಂದು ಕೇಳುವವನಿಗೆ ಈ ರಿಯಾಯಿತಿ ಸಲ್ಲದು.

ಆಚೆಯ ದಡದಲ್ಲಿ ನೀರಿಗೆ ಬಂದು ಮುಗಿಯುವ ರಸ್ತೆಗಳ ತುದಿಗಳನ್ನು ಮಾತ್ರ ಮಾರಬಾರದೆಂಬುದು ನನ್ನ ಅಭಿಪ್ರಾಯ. ತನ್ನ ದ್ವೀಪದ ಸುತ್ತಣ ರಸ್ತೆ ವ್ಯರ್ಥವೆಂದು ವಾದಿಸುವ ಗೃಹಸ್ಥನೂ ಮೋಟಾರನ್ನು ನಿಲ್ಲಿಸಿ, ಹೆಂಡತಿ ಮಕ್ಕಳನ್ನೂ ಮರಳಿನ ಮೂಟೆಗಳನ್ನೂ ದೋಣಿಗೇರಿಸುವುದು ಅಂಥ ಒಂದು ತುದಿಯಲ್ಲಿಯೇ.