ಗುರಿಯ ಹಿಂದಿನ ಉಕ್ಕಿನ ಅಚ್ಚು

ಮೈಸೂರಿನ ನಮ್ಮ ಸರಸ್ವತಿಪುರಂ ಬಡಾವಣೆಯ ಸುತ್ತಮುತ್ತಲಿನ ಕಾಲೇಜುಗಳಲ್ಲಿ ಎನ್‌ಸಿಸಿ ಸೇರುವ ಹುಡುಗ ಹುಡುಗಿಯರಿಗೆ ರೈಫಲ್ ಪರಿಚಯವಾಗುವುದು .22ರಿಂದ. ಗುರಿಹಲಗೆಯಲ್ಲಿ ಬಿದ್ದ ತೂತುಗಳು ಒಂದಕ್ಕೊಂದು ಎಷ್ಟು ಹತ್ತಿರವಿವೆ ಎಂದು ಅಲ್ಲಿ ಅಳೆಯುತ್ತಾರೆ. ಗ್ರೂಪಿಂಗ್ ಎಂದು ಅದಕ್ಕೆ ಹೆಸರು. ಗ್ರೂಪಿಂಗ್ ಕೆಟ್ಟರೆ ಕಲಿಸುವವರು ಮಲಗುವ ಭಂಗಿ, ಉಸಿರು, ಟ್ರಿಗರ್ ಮೇಲಿನ ಬೆರಳು ಎಂದು ಒಂದೊಂದನ್ನೇ ತಿದ್ದುತ್ತಾ ಬರುತ್ತಾರೆ. ಎಲ್ಲ ತಿದ್ದಿದ ಮೇಲೂ ಗುಂಡು ಚದುರಿದರೆ ಅನುಮಾನ ತೋಟಾದ ಮೇಲೆ ತಿರುಗುತ್ತದೆ. ದೊಡ್ಡ ಬೋರಿನ ರೈಫಲ್ ಹಿಡಿದು 300 ಮೀಟರು, ಅದಕ್ಕೂ ಆಚೆಗೆ ಗುರಿಯಿಡುವವರಿಗೆ ಈ ಅನುಮಾನ ತಪ್ಪಿದ್ದಲ್ಲ. ಅವರ ಜಗತ್ತಿನಲ್ಲಿ ಬಂದೂಕಿನಷ್ಟೇ ಬೆಲೆಯುಳ್ಳ ಇನ್ನೊಂದು ವಸ್ತುವಿದೆ: ಮುಷ್ಟಿಯಲ್ಲಿ ಅಡಗುವ, ಉಕ್ಕಿನ ರೀಲೋಡಿಂಗ್ ಡೈ.

ರೈಫಲ್ ತೋಟಾದಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಒಂದು ಈಡಿಗೆ ಮೂರು ಮುಗಿಯುತ್ತವೆ, ಕೇಸು ಮಾತ್ರ ಉಳಿಯುತ್ತದೆ. ಶೇ 70ರಷ್ಟು ತಾಮ್ರ, ಶೇ 30ರಷ್ಟು ಸತು ಬೆರೆತ ಈ ಹಿತ್ತಾಳೆ ಮಾಡುವ ಕೆಲಸ ಸಾಮಾನ್ಯದ್ದಲ್ಲ. 1952ರಲ್ಲಿ ಬಂದ .308 ವಿಂಚೆಸ್ಟರ್ ತೋಟಾವನ್ನೇ ತೆಗೆದುಕೊಳ್ಳಿ. ಅದಕ್ಕೆ ಅಮೆರಿಕದಲ್ಲಿ ನಿಗದಿಯಾಗಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡು. ಆ ಒತ್ತಡಕ್ಕೆ ಕೇಸು ಉಬ್ಬಿ, ತೋಟಾ ಕೂರುವ ಗೂಡಾದ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಸುಡುವ ಅನಿಲ ಹಿಂದಕ್ಕೆ, ಹೊಡೆಯುವವರ ಮುಖದತ್ತ ನುಗ್ಗದಂತೆ ತಡೆಯುವುದು ಈ ಉಬ್ಬುವ ಗುಣವೇ. ಒತ್ತಡ ಇಳಿದೊಡನೆ ಕೂದಲೆಳೆಯಷ್ಟು ಕುಗ್ಗಿ ಬಿಡಿಸಿಕೊಳ್ಳುತ್ತದೆ, ಆದರೆ ಹಳೆಯ ಅಳತೆಗೆ ಮರಳುವುದಿಲ್ಲ. ಗುಂಡು ಹಿಡಿಯುವ ಕುತ್ತಿಗೆ ಅಗಲವಾಗಿರುತ್ತದೆ, ಅದರ ಕೆಳಗಿನ ಇಳಿಜಾರಾದ ಭುಜ ಮುಂದೆ ಸರಿದಿರುತ್ತದೆ. ಹೊಸ ಗುಂಡು ಅಲ್ಲಿ ನಿಲ್ಲುವುದಿಲ್ಲ. ಪ್ರೆಸ್ಸಿನ ಸನ್ನೆ ಎಳೆದು ಆ ಕೇಸನ್ನು ಡೈ ಒಳಕ್ಕೆ ತಳ್ಳಿ ಮತ್ತೆ ಅಳತೆಗೆ ತರುವುದು, ಇನ್ನೊಂದು ಡೈಯಲ್ಲಿ ಗುಂಡನ್ನು ನೆಟ್ಟಗೆ ಕೂರಿಸುವುದು, ಇವು ರೀಲೋಡಿಂಗ್, ಅಂದರೆ ತೋಟಾ ಮತ್ತೆ ತುಂಬುವ ಕಸುಬಿನ ಎರಡು ಮುಖ್ಯ ಹೆಜ್ಜೆಗಳು.

ನಮ್ಮ ಹೆಚ್ಚಿನ ಶೂಟರ್‌ಗಳಿಗೆ ಇದರ ಗೊಡವೆಯಿಲ್ಲ ಎಂಬುದನ್ನೂ ಹೇಳಬೇಕು. ಹತ್ತು ಮೀಟರ್ ಏರ್ ರೈಫಲ್‌ಗೆ ಮದ್ದೇ ಬೇಡ. ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ 50 ಮೀಟರ್ ಸ್ಪರ್ಧೆ .22ರದ್ದು. ಅದರ ಕೇಪಿನ ಮದ್ದು ಕೇಸಿನ ಅಂಚಿನ ಮಡಿಕೆಯೊಳಗೇ ಇರುತ್ತದೆ, ಪಿನ್ ಆ ಅಂಚನ್ನೇ ಜಜ್ಜುತ್ತದೆ. ಹಾಗಾಗಿ ಅದನ್ನು ಮತ್ತೆ ತುಂಬುವ ಮಾತಿಲ್ಲ. ಆ ಶೂಟರ್‌ಗಳು ಕಾರ್ಖಾನೆಯ ಬೇರೆ ಬೇರೆ ಲಾಟಿನ ತೋಟಾಗಳನ್ನು ತಮ್ಮ ನಳಿಗೆಯಲ್ಲಿ ಹೊಡೆದು ನೋಡಿ, ಹೊಂದಿದ ಲಾಟನ್ನು ಆರಿಸಿಕೊಳ್ಳುತ್ತಾರೆ. ಇಲ್ಲಿನ ಲೈಸೆನ್ಸುದಾರರ ಕೈಗೆ ಬರುವುದೂ ಕಾರ್ಖಾನೆಯ ತೋಟಾವೇ. ಅವರಿಗೆ ಪರಿಚಿತವಾದ .315 ತೋಟಾದ ಬುಡದಲ್ಲಿ ಕೆಎಫ್ ಎಂಬ ಮುದ್ರೆ ಕಾಣುತ್ತದೆ. ಅದು 1869ರಲ್ಲಿ ಶುರುವಾದ ಪುಣೆಯ ಕಿರ್ಕಿ ಕಾರ್ಖಾನೆಯ ಗುರುತು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ಬಂದೂಕಿನ ತಯಾರಿಕೆಗೆ ಹೇಗೋ ಮದ್ದುಗುಂಡಿನ ತಯಾರಿಕೆಗೂ ಹಾಗೆಯೇ ಲೈಸೆನ್ಸು ಕೇಳುತ್ತದೆ. ಬಂದೂಕು ಇಟ್ಟುಕೊಳ್ಳಲು ಲೈಸೆನ್ಸು ಇದೆ ಎಂದ ಮಾತ್ರಕ್ಕೆ ಮನೆಯಲ್ಲಿ ತೋಟಾ ತುಂಬುವ ಹಕ್ಕು ಬರುವುದಿಲ್ಲ. ನಮ್ಮ ಬಡಾವಣೆಯಲ್ಲಿ ಕೊಡಗಿನ ಮನೆಗಳೂ ಇವೆ. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಹಬ್ಬಕ್ಕೆ ಊರಿಗೆ ಹೋಗಿ, ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜೆ ಮಾಡಿ, ಮರದ ತುದಿಯ ತೆಂಗಿನಕಾಯಿಗೆ ಗುರಿಯಿಟ್ಟು ಬರುವವರು ಅವರು. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಡವರಿಗೆ ಸಿಕ್ಕ ಕೋವಿ ಲೈಸೆನ್ಸಿನ ವಿನಾಯಿತಿ, ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಸೇರಿ ಇಂದಿಗೂ ಉಳಿದಿದೆ. ಅದನ್ನು 2029ರವರೆಗೆ ಮುಂದುವರಿಸಲಾಗಿದೆ, ಹೈಕೋರ್ಟು 2021ರಲ್ಲಿ ಎತ್ತಿಹಿಡಿದಿದೆ. ಆದರೆ ಅದು 3 ಮತ್ತು 4ನೇ ಕಲಮಿಗೆ, ಅಂದರೆ ಕೋವಿ ಹೊಂದುವುದಕ್ಕೆ ಸಂಬಂಧಿಸಿದ ವಿನಾಯಿತಿ. ತೋಟಾ ತಯಾರಿಸುವುದಕ್ಕೆ ಅಲ್ಲ.

ತೋಟಾ ಮತ್ತೆ ತುಂಬುವ ಈ ಕಸುಬು ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿ ಅದು ಹಲವು ಮನೆಗಳ ಹವ್ಯಾಸ. ಫ್ರೆಡ್ ಹಂಟಿಂಗ್ಟನ್ ಎಂಬಾತ 1943ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಗುಂಡು ಒತ್ತುವ ಡೈಗಳನ್ನು ಮಾಡಲು ತೊಡಗಿ ಕಟ್ಟಿದ ಕಂಪನಿ ಆರ್‌ಸಿಬಿಎಸ್. ನ್ಯೂಯಾರ್ಕ್ ರಾಜ್ಯದ ರೆಡಿಂಗ್ 1946ರದ್ದು, ನೆಬ್ರಾಸ್ಕಾದ ಹಾರ್ನಡಿ 1949ರದ್ದು. ಇಲಿನಾಯ್‌ನ ಫೋರ್‌ಸ್ಟರ್, ವಾಷಿಂಗ್ಟನ್ ರಾಜ್ಯದ ವಿಲ್ಸನ್, ವಿಸ್ಕಾನ್ಸಿನ್‌ನ ಲೀ ಎಲ್ಲರಿಗೂ ತಿಳಿದ ಹೆಸರುಗಳು. ಪೈಪೋಟಿಯ ನಡುವೆಯೂ ಇವರಲ್ಲಿ ಹೆಚ್ಚಿನವರು ಒಂದು ಅಳತೆಗೆ ಒಪ್ಪಿಕೊಂಡರು: ಡೈಯ ಹೊರಮೈಗೆ ಇಂಚಿನ ಎಂಟನೇ ಏಳು ಭಾಗದ ವ್ಯಾಸ, ಇಂಚಿಗೆ 14 ಥ್ರೆಡ್. ಹಾಗಾಗಿ ಒಬ್ಬರ ಡೈ ಇನ್ನೊಬ್ಬರ ಪ್ರೆಸ್ಸಿಗೆ ಕೂರುತ್ತದೆ. ವಿಲ್ಸನ್ ಡೈಗಳದ್ದು ಬೇರೆ ದಾರಿ. ಅವಕ್ಕೆ ಥ್ರೆಡ್ಡೇ ಇಲ್ಲ, ಕೈಯಲ್ಲಿ ಹಿಡಿದು ಸಣ್ಣ ಆರ್ಬರ್ ಪ್ರೆಸ್ಸಿನಲ್ಲಿ ಒತ್ತಬೇಕು. ಮೇಜಿನ ಮೇಲೆ ರೈಫಲ್ ಊರಿ ಹೊಡೆಯುವ ಬೆಂಚ್‌ರೆಸ್ಟ್ ಸ್ಪರ್ಧಿಗಳು ಇವತ್ತಿಗೂ ಅದನ್ನು ಬಿಟ್ಟಿಲ್ಲ.

ಹಾಗಾದರೆ ಒಳ್ಳೆಯ ಡೈ ಯಾವುದು? ಹಿತ್ತಾಳೆಯನ್ನು ಬೇಕಾದಷ್ಟೇ ಕದಲಿಸುವ, ಕದಲಿಸಿದ್ದನ್ನು ನೆಟ್ಟಗೆ ಕದಲಿಸುವ ಡೈ ಎಂದು ನಾನು ಹೇಳುತ್ತೇನೆ. ಮಿಕ್ಕ ಗುಣಗಳೆಲ್ಲ ಇದರ ಹಿಂದೆ ಬರುತ್ತವೆ. ಹಿತ್ತಾಳೆ ಪ್ರತಿಸಲ ಉಬ್ಬಿ ಕುಗ್ಗಿದಾಗಲೂ ಗಡುಸಾಗುತ್ತದೆ, ಕೊನೆಗೆ ಕುತ್ತಿಗೆ ಸೀಳುತ್ತದೆ. ಆಗಾಗ ಕುತ್ತಿಗೆಯನ್ನಷ್ಟೇ ಹದವಾಗಿ ಕಾಯಿಸಿ ಮೆದು ಮಾಡುವವರು ಇರುವುದು ಇದೇ ಕಾರಣಕ್ಕೆ. ಕಾರ್ಖಾನೆ ರೈಫಲ್ಲಿನ ಚೇಂಬರು ಎಲ್ಲ ತೋಟಾ ಹಿಡಿಯಲೆಂದು ಸ್ವಲ್ಪ ಸಡಿಲ. ಅಂಗಡಿಯ ಡೈ ಎಲ್ಲ ಚೇಂಬರಿಗೂ ಸಲ್ಲಲೆಂದು ಸ್ವಲ್ಪ ಬಿಗಿ. ಇವೆರಡರ ನಡುವೆ ಸಿಕ್ಕ ಕೇಸು ಬೇಗ ಸಾಯುತ್ತದೆ. ಭುಜವನ್ನು ಅತಿಯಾಗಿ ಹಿಂದೆ ತಳ್ಳಿದರೆ ಮುಂದಿನ ಈಡಿಗೆ ಬುಡದ ಹತ್ತಿರ ಹಿಗ್ಗಿ, ಹೀಗೇ ಮುಂದುವರಿದರೆ ಒಂದು ದಿನ ಚೇಂಬರಿನೊಳಗೇ ಎರಡು ತುಂಡಾಗುತ್ತದೆ. ಇದು ಗುರಿ ತಪ್ಪುವ ಮಾತಲ್ಲ, ಜೀವದ ಮಾತು.

ಕುತ್ತಿಗೆಯನ್ನು ಮಾತ್ರ ಒತ್ತುವ ಡೈ ಮೇಲೋ, ಇಡೀ ಮೈಯನ್ನು ಒತ್ತುವ ಫುಲ್ ಲೆಂತ್ ಡೈ ಮೇಲೋ ಎಂಬ ವಾದ ಹಳೆಯದು. ಕುತ್ತಿಗೆ ಡೈಯಿಂದ ಕೇಸಿಗೆ ಆಯಸ್ಸು ಹೆಚ್ಚು, ಒಪ್ಪೋಣ. ಆದರೆ ಕೆಲವು ಈಡುಗಳ ನಂತರ ಮೈ ಬಿಗಿದು ಬೋಲ್ಟು ಮುಚ್ಚುವಾಗ ತಿಣುಕುತ್ತದೆ, ಆ ತಿಣುಕಾಟದಲ್ಲಿ ರೈಫಲ್ಲಿನ ನೆಲೆ ಅಲುಗುತ್ತದೆ. ಆದ್ದರಿಂದ ಪಳಗಿದ ಸ್ಪರ್ಧಿಗಳಲ್ಲಿ ಬಹುಪಾಲು ಜನ ಫುಲ್ ಲೆಂತ್ ಡೈಗೆ ಮರಳಿದ್ದಾರೆ. ಭುಜವನ್ನು ಒಂದೆರಡು ಥೌ ಮಾತ್ರ ಹಿಂದೆ ತಳ್ಳುವಂತೆ ಅದನ್ನು ಹೊಂದಿಸುತ್ತಾರೆ. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, 0.0254 ಮಿಲಿಮೀಟರು. ಅಳೆಯಲು ಸಾಧನವಿಲ್ಲದೆ ಇಷ್ಟನ್ನು ಹೊಂದಿಸಲಾಗದು. ಎಂತಲೇ ಡೈಗೆ ಮುಂಚೆ ಕ್ಯಾಲಿಪರ್, ಭುಜದ ದೂರ ಅಳೆಯುವ ಕಂಪ್ಯಾರೇಟರ್, ಕೇಸು ತಿರುಗಿಸಿ ಓರೆ ನೋಡುವ ಡಯಲ್ ಗೇಜು ಬರಬೇಕು. ಸಿದ್ಧವಾದ ತೋಟಾದ ಓರೆ ಎರಡು ಮೂರು ಥೌ ಒಳಗಿದ್ದರೆ ಡೈ ತನ್ನ ಕೆಲಸ ಮಾಡಿದೆ ಎಂದೇ ಅರ್ಥ.

ಓರೆ ಹುಟ್ಟುವ ಜಾಗ ಹೆಚ್ಚಾಗಿ ಡೈಯೊಳಗಿನ ಎಕ್ಸ್‌ಪ್ಯಾಂಡರ್ ಉಂಡೆ. ಸಾಮಾನ್ಯ ಡೈ ಮೊದಲು ಕುತ್ತಿಗೆಯನ್ನು ಅಗತ್ಯಕ್ಕಿಂತ ಜಾಸ್ತಿ ಒತ್ತಿ, ಹೊರಬರುವಾಗ ಈ ಉಂಡೆಯನ್ನು ಒಳಗಿಂದ ಎಳೆದು ಮತ್ತೆ ಅಗಲ ಮಾಡುತ್ತದೆ. ಎಳೆತದಲ್ಲಿ ಕುತ್ತಿಗೆ ಒಂದು ಬದಿಗೆ ವಾಲುತ್ತದೆ. ಬುಶಿಂಗ್ ಡೈ ಇದಕ್ಕೆ ಒಂದು ಪರಿಹಾರ. ಅದರಲ್ಲಿ ಕುತ್ತಿಗೆ ಒತ್ತುವ ಉಂಗುರ ಬದಲಿಸಬಹುದು, ಉಂಗುರಗಳು ಒಂದೊಂದು ಥೌ ವ್ಯತ್ಯಾಸದಲ್ಲಿ ಸಿಗುತ್ತವೆ. ಗುಂಡು ಕೂರಿಸಿದ ತೋಟಾದ ಕುತ್ತಿಗೆಯ ಹೊರ ಅಳತೆ ನೋಡಿ, ಒಂದೆರಡು ಥೌ ಕಡಿಮೆಯ ಉಂಗುರ ಆರಿಸುತ್ತಾರೆ. ಆದರೆ ಕೇಸುಗಳ ಕುತ್ತಿಗೆಯ ದಪ್ಪ ಸುತ್ತಲೂ ಸಮವಿರದಿದ್ದರೆ ದುಬಾರಿ ಬುಶಿಂಗ್ ಡೈಯಿಂದ ಸಿಗುವ ಲಾಭ ಅಷ್ಟಕ್ಕಷ್ಟೆ. ಹೊರಗಿನಿಂದ ಒತ್ತಿದ ಏರುಪೇರು ಒಳಗೆ ಸೇರಿಕೊಳ್ಳುತ್ತದೆ. ಒಳ್ಳೆಯ ಹಿತ್ತಾಳೆಗೆ ಮೊದಲು ಹಣ ಹಾಕಿ ಎಂದು ಬಲ್ಲವರು ಹೇಳುವುದು ಇದಕ್ಕೇ. ಫಿನ್ಲೆಂಡಿನ ಲಾಪುವಾ ಕೇಸುಗಳಿಗೆ ಅಷ್ಟು ಮರ್ಯಾದೆ ಬಂದಿರುವುದೂ ಇದಕ್ಕೇ.

ಗುಂಡು ಕೂರಿಸುವ ಡೈಯಲ್ಲಿ ನೋಡಬೇಕಾದ್ದು ಎರಡು. ಗುಂಡು ಒಳಗೆ ಇಳಿಯುವ ಮುಂಚೆಯೇ ಕೇಸನ್ನೂ ಗುಂಡನ್ನೂ ಒಂದೇ ಗೆರೆಯಲ್ಲಿ ಹಿಡಿಯುವ ಜಾರುವ ಸ್ಲೀವ್ ಇರಬೇಕು. ಫೋರ್‌ಸ್ಟರ್, ರೆಡಿಂಗ್ ಈ ಬಗೆಯವನ್ನು ಮಾಡುತ್ತವೆ. ಒತ್ತುವ ಕಡ್ಡಿ ಗುಂಡಿನ ಮೊನೆಯನ್ನಲ್ಲ, ಅದರ ಇಳಿಜಾರಿನ ಮೈಯನ್ನು ಹಿಡಿಯಬೇಕು. ಮೊನೆಗಳು ಒಂದರಂತೆ ಒಂದಿರುವುದಿಲ್ಲ. ಮೇಲಿನ ಮೈಕ್ರೊಮೀಟರ್ ತಲೆ ಅನುಕೂಲ, ಅನಿವಾರ್ಯವಲ್ಲ. ಕೈಯಲ್ಲಿರುವ ಹಣ ಒಂದೇ ಒಂದು ಒಳ್ಳೆಯ ಡೈಗೆ ಸಾಕೆಂದಾದರೆ ಅದನ್ನು ಕೂರಿಸುವ ಡೈಗೇ ಹಾಕುವುದು ಸರಿ ಎಂದು ನನ್ನ ಮತ.

ಅದಕ್ಕೂ ಮೇಲಿನ ಮೆಟ್ಟಿಲು, ನಮ್ಮದೇ ಚೇಂಬರಿಗೆಂದು ಮಾಡಿಸುವ ಡೈ. ಹೊಡೆದ ಕೆಲವು ಖಾಲಿ ಕೇಸುಗಳನ್ನು ತಯಾರಕರಿಗೆ ಕಳಿಸಿದರೆ, ದರ್ಜಿಗೆ ಅಳತೆ ರವಿಕೆ ಕೊಟ್ಟ ಹಾಗೆ, ಅದಕ್ಕೆ ಸರಿಯಾಗಿ ಒಳಮೈ ಕೊರೆದು ಕೊಡುತ್ತಾರೆ. ಫುಲ್ ಲೆಂತ್ ಡೈ ಯಾವುದೇ ಆದರೂ ರೈಫಲ್ ಕೇಸಿಗೆ ಜಾರು ಎಣ್ಣೆ ಸವರದೆ ಒತ್ತಬಾರದು. ಸವರದಿದ್ದರೆ ಕೇಸು ಒಳಗೇ ಕಚ್ಚಿಕೊಳ್ಳುತ್ತದೆ, ಹೆಚ್ಚು ಸವರಿದರೆ ಭುಜದಲ್ಲಿ ಗುಳಿ ಬೀಳುತ್ತದೆ.

ಇಷ್ಟು ನಿಖರವಾದ ಡೈ ಹುಟ್ಟುವುದು ಟೂಲ್‌ರೂಮಿನಲ್ಲಿ. ಉಕ್ಕನ್ನು ಕೊರೆದು, ರೀಮರಿನಿಂದ ಆಕಾರಕ್ಕೆ ತಂದು, ಶಾಖ ಕೊಟ್ಟು ಗಡುಸು ಮಾಡಿ, ಒಳಮೈ ಹೊಳಪಿಸಬೇಕು. ಶಾಖಕ್ಕೆ ಉಕ್ಕು ಎಷ್ಟು ಮಿಸುಕುತ್ತದೆ ಎಂಬುದನ್ನು ಮೊದಲೇ ಊಹಿಸಬಲ್ಲ ಕೈ ಬೇಕು. ಆ ಕೈಯನ್ನು ಪಳಗಿಸುವ ಸಂಸ್ಥೆ ನಮ್ಮಲ್ಲೇ ಇದೆ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜಿಟಿಟಿಸಿ, ಮೈಸೂರಿನ ಮೇಟಗಳ್ಳಿಯಲ್ಲೂ ಇದೆ. ಅಲ್ಲಿ ತಯಾರಾಗುವುದು ತೋಟಾದ ಡೈಯಲ್ಲ, ಕಾರ್ಖಾನೆಗಳಿಗೆ ಬೇಕಾದ ಅಚ್ಚು, ಪ್ರೆಸ್ ಟೂಲುಗಳು. ಮೈಕ್ರಾನ್ ಲೆಕ್ಕದ ಶಿಸ್ತು ಮಾತ್ರ ಒಂದೇ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿ ಸೇರಬಹುದು. ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವ ಮಗುವಿದ್ದರೆ, ಪಿಯುಸಿಗೆ ಅರ್ಜಿ ಹಾಕುವ ಮೊದಲು ಒಮ್ಮೆ ಮೇಟಗಳ್ಳಿಗೆ ಕರೆದುಕೊಂಡು ಹೋಗಿ ವಿಚಾರಿಸಿ ಬನ್ನಿ.