ರೆಕ್ಕೆ ನೋಡಿ ಮೆಚ್ಚಿ, ಈಜು ನೋಡಿ ಕೊಳ್ಳಿ

ಬೆಟ್ಟ ಅಂದ್ರೆ ಪಿರಿಯಾಪಟ್ಟಣದವರಿಗೆ ಬೆಟ್ಟದಪುರದ ಬೆಟ್ಟ, ಮೈಸೂರಿನವರಿಗೆ ಚಾಮುಂಡಿ ಬೆಟ್ಟ. ಆದರೆ ಈಗ ಫೋನ್ ತೆರೆದರೆ ರೀಲ್ಸ್‌ನಲ್ಲಿ ಓಡಾಡ್ತಿರೋದು ಬೇರೆಯದೇ ಬೆಟ್ಟಾ. ಬೆರಳುದ್ದದ ಮೀನು, ಮೈಗಿಂತ ದೊಡ್ಡ ರೆಕ್ಕೆ, ರೇಷ್ಮೆ ಸೀರೆಯ ಸೆರಗಿನಂಥ ಬಾಲ. ಅಂಗಡಿಯವರ ಬಾಯಲ್ಲಿ ಇದು ‘ಫೈಟರ್’. ಹಾಫ್‌ಮೂನ್, ಕ್ರೌನ್‌ಟೇಲ್, ಡಂಬೋ, ಕೋಯಿ, ಡ್ರ್ಯಾಗನ್ ಅಂತ ಹೆಸರು ಬದಲಾದ ಹಾಗೆ ಬೆಲೆಯೂ ಬದಲಾಗುತ್ತೆ.

ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ಎಷ್ಟೋ ಮಂದಿಯ ಮೇಜಿನ ಮೇಲೆ ಇಂಥ ಮೀನೊಂದು ಸೇರಿಕೊಳ್ಳಬಹುದು. ಮರಿ ಮಾಡಿಸಿ ಸೈಡ್ ಇನ್‌ಕಂ ಮಾಡೋಣ ಅನ್ನುವ ಯೋಚನೆಯೂ ಬರಬಹುದು. ಹಾಗಾದರೆ ಒಳ್ಳೆಯ ಮೀನು ಯಾವುದು ಅಂತ ಗುರುತಿಸೋದು ಹೇಗೆ? ಪ್ರದರ್ಶನದ ತೀರ್ಪುಗಾರರು ಏನು ನೋಡ್ತಾರೆ? ಅವರು ಮೆಚ್ಚಿದ್ದು ಮೀನಿಗೂ ಒಳ್ಳೆಯದಾ?

ಜೀವ ನೋಡಿ ಬೆಲೆ ಕಟ್ಟುವ ಸೀಮೆ

ನಿಜ ಹೇಳಬೇಕಂದ್ರೆ ಪ್ರಾಣಿಯ ಅಂದ ಅಳೆಯುವ ವಿದ್ಯೆ ನಮ್ಮ ಕಡೆಯವರಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಹೆಸರಾಂತ ಅಮೃತಮಹಲ್ ದನಗಳ ಇಲಾಖೆ ಒಂದು ಕಾಲಕ್ಕೆ ನಡೀತಿದ್ದದ್ದು ಹುಣಸೂರಿನಿಂದ. ಕೆ.ಆರ್. ನಗರದ ಹತ್ತಿರ, ಕಾವೇರಿ ಧುಮುಕುವ ಚುಂಚನಕಟ್ಟೆಯಲ್ಲಿ ಸಂಕ್ರಾಂತಿ ಆಸುಪಾಸಿನ ದನಗಳ ಜಾತ್ರೆ ಇವತ್ತಿಗೂ ಪ್ರಸಿದ್ಧ. ಅಲ್ಲಿ ಹಳ್ಳಿಕಾರ್ ಹೋರಿಗಳ ಸಾಲಿನ ಮುಂದೆ ನಿಂತ ರೈತ ಕೊಂಬಿನ ಬಾಗು ನೋಡ್ತಾನೆ, ಮೈಬಣ್ಣ ನೋಡ್ತಾನೆ, ಸುಳಿ ನೋಡ್ತಾನೆ. ಬಾಯಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಅಂತ ಎಣಿಸ್ತಾನೆ. ಜೋಡಿ ಎತ್ತರದಲ್ಲಿ, ಕೊಂಬಿನಲ್ಲಿ ಒಂದಕ್ಕೊಂದು ಹೊಂದಬೇಕು. ಆಮೇಲೆ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ.

ಇಷ್ಟೆಲ್ಲ ನೋಡಿದ ಮೇಲೂ ಒಂದು ಪರೀಕ್ಷೆ ಬಾಕಿ ಇರುತ್ತೆ: ನಡೆಸಿ ನೋಡೋದು. ಕೊಂಬು ಎಷ್ಟೇ ಚಂದ ಇರಲಿ, ಹೆಜ್ಜೆ ಕುಂಟಿದರೆ ಆ ಎತ್ತು ನೊಗಕ್ಕೆ ಬರಲ್ಲ. ಬೆಟ್ಟಾ ಮೀನಿನ ವಿಷಯದಲ್ಲಿ ನಾವು ಸುಲಭವಾಗಿ ಮರೆಯೋದು ಈ ಕೊನೆಯ ಪರೀಕ್ಷೆಯನ್ನೇ.

ಗದ್ದೆಯಿಂದ ಗಾಜಿನ ಪೆಟ್ಟಿಗೆಗೆ

ಈ ಮೀನಿನ ತವರು ಥಾಯ್ಲೆಂಡ್. ಭತ್ತದ ಗದ್ದೆ, ಕಾಲುವೆ, ಜೌಗಿನ ಆಳವಿಲ್ಲದ ನೀರು ಇದರ ಮನೆ. ಕಾಡು ಬೆಟ್ಟಾಕ್ಕೆ ಗಿಡ್ಡ ರೆಕ್ಕೆ, ಮಂಕು ಬಣ್ಣ. ಅಲ್ಲಿನ ಜನ ಕಾಳಗಕ್ಕೆಂದು ಆರಿಸಿ ಆರಿಸಿ ಬೆಳೆಸಿದರು. ಈ ಸಾಕಣೆ ಕನಿಷ್ಠ ಸಾವಿರ ವರ್ಷ ಹಳೆಯದು ಅಂತ 2022ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಅಂದಾಜಿಸಿದೆ. ಉದ್ದ ರೆಕ್ಕೆ, ಹೊಳೆಯುವ ಬಣ್ಣಗಳು ಅಂದಕ್ಕಾಗಿ ಆರಿಸಿ ಬೆಳೆಸಿದವು. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಇದನ್ನು ರಾಷ್ಟ್ರೀಯ ಜಲಚರ ಅಂತ ಘೋಷಿಸಿತು.

ಪ್ರದರ್ಶನದ ನಿಯಮಗಳನ್ನು ರೂಪಿಸಿದವರಲ್ಲಿ ಮುಖ್ಯವಾದದ್ದು 1966ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಬೆಟ್ಟಾ ಕಾಂಗ್ರೆಸ್. ಅದರ ಪದ್ಧತಿಯಲ್ಲಿ ಗಂಡು ಮೀನುಗಳನ್ನು ಒಂದೊಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ನಡುವೆ ರಟ್ಟು ಅಡ್ಡ ಇಡ್ತಾರೆ. ರಟ್ಟು ತೆಗೆದರೆ ಪಕ್ಕದ ಗಂಡು ಕಾಣಿಸುತ್ತೆ. ತಕ್ಷಣ ಕಿವಿರು ಉಬ್ಬಿಸಿ, ರೆಕ್ಕೆಗಳನ್ನೆಲ್ಲ ಬಿಚ್ಚಿ ನಿಲ್ಲುತ್ತೆ. ತೀರ್ಪುಗಾರರು ನೋಡೋದು ಆ ಕ್ಷಣವನ್ನ. ಆದರ್ಶ ರೂಪ ಇಂಥದ್ದು ಅಂತ ಇಟ್ಟುಕೊಂಡು, ಪ್ರತಿ ಮೀನು ಅದರಿಂದ ಎಷ್ಟು ದೂರ ಅಂತ ದೋಷಗಳನ್ನು ಲೆಕ್ಕ ಹಾಕ್ತಾರೆ. ಸಣ್ಣ ದೋಷದಿಂದ ಹಿಡಿದು ಸ್ಪರ್ಧೆಯಿಂದಲೇ ಹೊರಗಿಡುವ ದೋಷದವರೆಗೆ ದರ್ಜೆಗಳಿವೆ.

ಬಾಲದ ಲೆಕ್ಕ

ಬೆನ್ನಿನ ಮೇಲಿನದು, ಹೊಟ್ಟೆಯ ಕೆಳಗೆ ಉದ್ದಕ್ಕೆ ಸಾಗುವುದು, ಬಾಲ, ಈ ಮೂರು ರೆಕ್ಕೆಗಳೇ ಮುಖ್ಯ.

ವೇಲ್‌ಟೇಲ್: ಅಂಗಡಿಗಳಲ್ಲಿ ಹೆಚ್ಚಾಗಿ ಕಾಣೋದು ಇದೇ. ಬಾಲ ಮುಸುಕಿನಂತೆ ಕೆಳಗೆ ಜೋತುಬಿದ್ದಿರುತ್ತೆ.

ಹಾಫ್‌ಮೂನ್: ಬಿಚ್ಚಿದಾಗ ಬಾಲ ಪೂರ್ತಿ 180 ಡಿಗ್ರಿ ಹರಡಬೇಕು, ಅರ್ಧಚಂದ್ರದ ಹಾಗೆ. ಬಾಲದ ಮೇಲಿನ, ಕೆಳಗಿನ ಅಂಚು ನೇರವಾಗಿರಬೇಕು, ಮೂಲೆ ಚೂಪಾಗಿರಬೇಕು. ಮೂಲೆ ದುಂಡಗಾದರೆ ಅದು ದೋಷ. ಅಷ್ಟು ಹರಡದಿದ್ದರೆ ಸೂಪರ್ ಡೆಲ್ಟಾ, ಅದಕ್ಕೂ ಕಡಿಮೆ ಇದ್ದರೆ ಡೆಲ್ಟಾ. ಅಪ್ಪ ಅಮ್ಮ ಇಬ್ಬರೂ ಹಾಫ್‌ಮೂನ್ ಆದರೂ ಮರಿಗಳೆಲ್ಲ ಹಾಫ್‌ಮೂನ್ ಆಗಲ್ಲ.

ಕ್ರೌನ್‌ಟೇಲ್: ಇಂಡೋನೇಷ್ಯಾದ ಕೊಡುಗೆ. ರೆಕ್ಕೆಯ ಕಡ್ಡಿಗಳು ಪೊರೆಗಿಂತ ಆಚೆ ಚಾಚಿ ಕಿರೀಟದ ಹಾಗೆ ಕಾಣುತ್ತೆ. ಕಡ್ಡಿಗಳ ನಡುವಿನ ಪೊರೆ ಒಂದೇ ಸಮನೆ ಕಡಿಮೆಯಾಗಿರಬೇಕು. ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಇದ್ದರೆ ಅಂಕ ಹೋಯ್ತು.

ಡಬಲ್‌ಟೇಲ್: ಬಾಲ ಬುಡದಿಂದಲೇ ಎರಡು ಹೋಳು. ಬೆನ್ನಿನ ರೆಕ್ಕೆಯೂ ಅಗಲ. ಎರಡೂ ಹೋಳು ಸಮನಾಗಿರಬೇಕು.

ಪ್ಲಾಕಟ್: ಗಿಡ್ಡ ರೆಕ್ಕೆಯದು, ಕಾಡು ಮೀನಿಗೆ ಹತ್ತಿರದ ರೂಪ. ಥಾಯ್ ಭಾಷೆಯಲ್ಲಿ ‘ಪ್ಲಾ ಕಟ್’ ಅಂದ್ರೆ ಕಚ್ಚುವ ಮೀನು. ಚುರುಕಾಗಿ ಈಜುತ್ತೆ.

ಬಣ್ಣದ ಲೆಕ್ಕ

ಬಣ್ಣದಲ್ಲಿ ಮೊದಲ ಪ್ರಶ್ನೆ: ಹೇಳಿದ ಬಣ್ಣ ಹೇಳಿದ ಹಾಗೆ ಇದೆಯಾ? ಕೆಂಪು ಅಂದರೆ ತಲೆಯಿಂದ ಬಾಲದ ತುದಿವರೆಗೆ ಒಂದೇ ಕೆಂಪು, ನಡುವೆ ನೀಲಿ ಮಿಂಚು ಬಂದರೆ ದೋಷ. ಕಾಂಬೋಡಿಯನ್ ಅಂದರೆ ತಿಳಿಮೈ, ಕೆಂಪು ರೆಕ್ಕೆ. ಬಟರ್‌ಫ್ಲೈ ಅಂದರೆ ರೆಕ್ಕೆಯ ಒಳ ಅರ್ಧ ಒಂದು ಬಣ್ಣ, ಹೊರ ಅರ್ಧ ಇನ್ನೊಂದು. ಸೀರೆಗೆ ಬಾರ್ಡರ್ ಹಾಕಿದ ಹಾಗೆ ಗೆರೆ ಸ್ವಚ್ಛವಾಗಿರಬೇಕು.

ನೀಲಿಯ ಕತೆ ಹೈಸ್ಕೂಲಿನ ಮೆಂಡೆಲ್ ಪಾಠವನ್ನು ನೆನಪಿಸುತ್ತೆ. ರಾಯಲ್ ಬ್ಲೂ ಗಂಡಿಗೆ ರಾಯಲ್ ಬ್ಲೂ ಹೆಣ್ಣು ಜೋಡಿ ಮಾಡಿದರೆ ಮರಿಗಳಲ್ಲಿ ಸುಮಾರು ಅರ್ಧ ಮಾತ್ರ ರಾಯಲ್ ಬ್ಲೂ. ಕಾಲು ಭಾಗ ಹಸಿರು ಛಾಯೆಯ ಟರ್ಕಾಯ್ಸ್, ಕಾಲು ಭಾಗ ಬೂದು ಛಾಯೆಯ ಸ್ಟೀಲ್ ಬ್ಲೂ. ಎಲ್ಲವೂ ರಾಯಲ್ ಬ್ಲೂ ಬೇಕಾ? ಟರ್ಕಾಯ್ಸ್‌ಗೆ ಸ್ಟೀಲ್ ಜೋಡಿ ಮಾಡಬೇಕು. ಇದು ಗೊತ್ತಿಲ್ಲದೆ ‘ಮರಿ ಬಣ್ಣ ಕೆಟ್ಟಿದೆ’ ಅಂತ ಮಾರಿದವನನ್ನು ಬೈಯೋದು ಅನ್ಯಾಯ.

ಮಾರ್ಬಲ್ ಮೀನಿನದು ಇನ್ನೂ ವಿಚಿತ್ರ. ಅಮೆರಿಕದ ಇಂಡಿಯಾನಾದ ಜೈಲಿನಲ್ಲಿ ಕೈದಿಯೊಬ್ಬ ಬಾಟಲಿಗಳಲ್ಲಿ ಸಾಕಿದ ಮೀನುಗಳಿಂದ ಈ ತಳಿ ಹರಡಿತು. ಇದರ ಬಣ್ಣ ಜೀವನಪೂರ್ತಿ ಬದಲಾಗ್ತಾ ಇರುತ್ತೆ. ಈಗಿನ ದುಬಾರಿ ‘ಕೋಯಿ’ ಕೂಡ ಇದೇ ಗುಂಪಿನದು. ಇವತ್ತು ಬಿಳಿ ಮೈಮೇಲೆ ಕೆಂಪು, ಕಪ್ಪು ಚುಕ್ಕೆ ನೋಡಿ ಕೊಂಡ ಮೀನು ಆರು ತಿಂಗಳಿಗೆ ಪೂರ್ತಿ ಕಪ್ಪಾದರೆ ಅದು ಮೋಸ ಅಲ್ಲ, ಅದರ ಗುಣ. ಫೋಟೊ ನೋಡಿ ಆನ್‌ಲೈನ್‌ನಲ್ಲಿ ಹಣ ಹಾಕುವವರು ಇದನ್ನು ಮೊದಲೇ ತಿಳಿದಿರಬೇಕು.

ಅಂದವೇ ಹೊರೆಯಾದಾಗ

ಬಾಲದ ಕಡ್ಡಿಗಳು ಹೆಚ್ಚು ಕವಲೊಡೆದಷ್ಟೂ ಹರವು ಹೆಚ್ಚುತ್ತೆ. ಅದು ಅತಿಯಾದರೆ ಬಾಲ ಗುಲಾಬಿಯಂತೆ ಮಡಿಕೆ ಮಡಿಕೆಯಾಗುತ್ತೆ, ಅದೇ ರೋಸ್‌ಟೇಲ್. ಫೋಟೊದಲ್ಲಿ ಅದ್ಭುತ. ನೀರಿನಲ್ಲಿ ಮಾತ್ರ ಮೀನಿಗೆ ಮೂಟೆ ಹೊತ್ತ ಹಾಗೆ. ನಾಲ್ಕು ಮೊಳ ಈಜಿ ತಳಕ್ಕೆ ಕೂತುಬಿಡುತ್ತೆ. ಎಷ್ಟೋ ಮೀನುಗಳು ತಮ್ಮ ಬಾಲವನ್ನು ತಾವೇ ಕಚ್ಚಿ ಹರಿದುಕೊಳ್ತವೆ. ಡ್ರ್ಯಾಗನ್ ತಳಿಯಲ್ಲಿ ದಪ್ಪನೆಯ ಲೋಹದ ಹೊಳಪಿನ ಹುರುಪೆ ಮೈಗೆ ಕವಚದಂತೆ ಕಾಣುತ್ತೆ. ಕೆಲವಕ್ಕೆ ಆ ಪದರ ಕಣ್ಣಿನ ಮೇಲೂ ಬೆಳೆದು ದೃಷ್ಟಿಯೇ ಹೋಗುತ್ತೆ. ಡಬಲ್‌ಟೇಲ್‌ಗೆ ಡಬಲ್‌ಟೇಲ್ ಜೋಡಿ ಮಾಡ್ತಾ ಹೋದರೆ ಬೆನ್ನು ಗಿಡ್ಡ, ಸೊಟ್ಟ ಆಗುವ ಅಪಾಯ ಇದೆ.

ಒಳ್ಳೆಯ ನಿಯಮಾವಳಿ ಇದನ್ನು ತಡೀಬೇಕು. ಬೆಟ್ಟಾ ಕಾಂಗ್ರೆಸ್‌ನ ಪದ್ಧತಿಯಲ್ಲಿ ಅತಿ ಕವಲಿನ ರೋಸ್‌ಟೇಲ್ ಬಹುಮಾನದ ಗುಣ ಅಲ್ಲ, ದೋಷ. ಮೀನಿನ ಚುರುಕು, ಆರೋಗ್ಯ, ಮೈಗೂ ರೆಕ್ಕೆಗೂ ಇರುವ ಹೊಂದಿಕೆಯನ್ನೂ ಅಲ್ಲಿ ತೂಗ್ತಾರೆ. ಆದರೆ ರೀಲ್ಸ್‌ನ ಲೈಕ್‌ಗೆ ಇಂಥ ನಿಯಮ ಇಲ್ಲ. ಅಲ್ಲಿ ದೊಡ್ಡ ಬಾಲಕ್ಕೇ ಗೆಲುವು. ಲೈಕ್ ಬಿದ್ದದ್ದಕ್ಕೆ ಗಿರಾಕಿ, ಗಿರಾಕಿ ಕೇಳಿದ್ದಕ್ಕೆ ಮರಿ. ಹೀಗೆ ಕೊಳ್ಳುವ ನಾವೇ ಮುಂದಿನ ತಲೆಮಾರಿನ ಮೀನು ಹೇಗಿರಬೇಕು ಅಂತ ತೀರ್ಪು ಕೊಡ್ತಿದ್ದೇವೆ.

ಮರಿ ಮಾಡಿಸುವ ಆಸೆ ಇದ್ದವರೂ ಒಮ್ಮೆ ಲೆಕ್ಕ ಹಾಕಬೇಕು. ಒಂದು ಜೋಡಿಯಿಂದ ನೂರಾರು ಮರಿ ಬರಬಹುದು. ಗಂಡುಗಳು ಕಚ್ಚಾಡಲು ಶುರು ಮಾಡಿದ ಮೇಲೆ ಒಂದೊಂದಕ್ಕೂ ಬೇರೆ ಬಾಟಲಿ, ಪ್ರತಿಯೊಂದಕ್ಕೂ ನೀರು ಬದಲಿಸುವ ಕೆಲಸ. ಅದರಲ್ಲಿ ಪ್ರದರ್ಶನದ ಮಟ್ಟಕ್ಕೆ ಬರೋದು ಬೆರಳೆಣಿಕೆಯಷ್ಟು. ಉಳಿದವನ್ನು ಏನು ಮಾಡ್ತೀರಿ ಅನ್ನೋದಕ್ಕೆ ಉತ್ತರ ಇಟ್ಟುಕೊಂಡೇ ಜೋಡಿ ಬಿಡಿ. ಲಕ್ಷ್ಮಣತೀರ್ಥಕ್ಕೋ ಕಬಿನಿ ಹಿನ್ನೀರಿಗೋ ಊರ ಕೆರೆಗೋ ತಂದು ಬಿಡೋದು ಉತ್ತರ ಅಲ್ಲ. ಹೊರಗಿನ ಮೀನು, ಅದರ ಜೊತೆಗೆ ಬರುವ ರೋಗ ಎರಡೂ ನಮ್ಮ ನೀರಿಗೆ ಬೇಡ. ಇನ್ನು ಎರಡು ಗಂಡು ಬಿಟ್ಟು ಕಾಳಗ ನೋಡುವ ಚಟ ಇದ್ದರೆ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮನುಷ್ಯನಲ್ಲದ ಎಲ್ಲ ಜೀವಿಯೂ ‘ಪ್ರಾಣಿ’ಯೇ ಅನ್ನೋದು ನೆನಪಿರಲಿ.

ಕೊಳ್ಳುವ ಮುನ್ನ ಎರಡು ನಿಮಿಷ

• ರೆಕ್ಕೆ ಬಿಚ್ಚಿದ ಫೋಟೊ ಸಾಲದು, ಈಜುವ ವಿಡಿಯೊ ಕೇಳಿ. ಮೇಲೆ ಹೋಗಿ ಗಾಳಿ ನುಂಗಿ ಸಲೀಸಾಗಿ ಕೆಳಗಿಳಿಯಬೇಕು. ಬೆಟ್ಟಾ ಮೇಲಿನ ಗಾಳಿಯನ್ನೂ ಉಸಿರಾಡುವ ಮೀನು.

• ಎರಡೂ ಕಣ್ಣು ನೋಡಿ. ಬಿಳಿ ಪದರ ಇದೆಯಾ? ಬೆರಳು ತೋರಿಸಿದರೆ ತಿರುಗುತ್ತಾ?

• ಬೆನ್ನು ನೇರ ಇದೆಯಾ, ಬಾಲದ ಅಂಚು ಕಚ್ಚಿದ ಹಾಗೆ ಹರಿದಿದೆಯಾ ನೋಡಿ.

• ಮೊದಲ ಸಲ ಸಾಕುವವರಿಗೆ ಪ್ಲಾಕಟ್ ಒಳ್ಳೆಯ ಆಯ್ಕೆ. ಬಣ್ಣದಲ್ಲಿ ಯಾವುದಕ್ಕೂ ಕಡಿಮೆ ಇಲ್ಲ, ಓಡಾಟ ನೋಡೋದೇ ಚಂದ.

• ಗದ್ದೆಯ ಮೀನು ಅಂತ ಲೋಟದಲ್ಲಿ ಇಡಬೇಡಿ. ಗದ್ದೆಯಲ್ಲಿ ನೀರು ಆಳ ಇರಲ್ಲ ನಿಜ, ಆದರೆ ಅಗಲ ಎಷ್ಟು! ಕನಿಷ್ಠ 15–20 ಲೀಟರ್ ನೀರು, ಮೇಲೆ ಮುಚ್ಚಳ ಇರಲಿ.

• ನೀರು 25ರಿಂದ 28 ಡಿಗ್ರಿ ಇದ್ದರೆ ಹಿತ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ರಾತ್ರಿ ಚಳಿ 16–17 ಡಿಗ್ರಿಗೆ ಇಳಿಯುತ್ತೆ, ಆಗ ಸಣ್ಣ ಹೀಟರ್ ಬೇಕೇ ಬೇಕು. ನಲ್ಲಿ ನೀರಿನ ಕ್ಲೋರಿನ್ ತೆಗೆದೇ ಹಾಕಿ.

• ಶಾಲೆ ಅಂಗಳದ ಕಾಡುಬಾದಾಮಿ ಮರದ ಒಣಗಿದ ಎಲೆಯನ್ನು ತೊಳೆದು ನೀರಿಗೆ ಹಾಕುವ ರೂಢಿ ಸಾಕಣೆದಾರರಲ್ಲಿದೆ. ಆನ್‌ಲೈನ್‌ನಲ್ಲಿ ಪ್ಯಾಕೆಟ್ ಕೊಳ್ಳುವ ಮೊದಲು ಊರಿಗೆ ಹೋದಾಗ ಮರದ ಕೆಳಗೆ ನೋಡಿ.

ಹಾಫ್‌ಮೂನ್ ಮೆಚ್ಚೋದು ತಪ್ಪಲ್ಲ. 180 ಡಿಗ್ರಿ ಬಾಲ ಬಿಚ್ಚಿಕೊಂಡೇ ತೊಟ್ಟಿಯ ಈ ತುದಿಯಿಂದ ಆ ತುದಿಗೆ ಹಾಯಾಗಿ ಹೋಗುವ ಮೀನೂ ಇರುತ್ತೆ. ತೀರ್ಪುಗಾರರು ಹುಡುಕೋದು ಅದನ್ನೇ, ನೀವೂ ಅದನ್ನೇ ಹುಡುಕಿ. ಸಿಗುವವರೆಗೆ ಕಾಯುವಷ್ಟು ತಾಳ್ಮೆ ಜಾತ್ರೆಯಲ್ಲಿ ಜೋಡಿ ಹುಡುಕುವ ರೈತನಿಗೆ ಇದೆ. ನಮಗೂ ಇರಲಿ.