ಚಿಕಿತ್ಸೆ ಬೇಡವೆನ್ನುವ ಗೆಳೆಯ: ತಪ್ಪು ಕಲ್ಪನೆ ಮತ್ತು ಸತ್ಯ

ತೀವ್ರ ಮನೋರೋಗವಿರುವ ವ್ಯಕ್ತಿ ಚಿಕಿತ್ಸೆ ಬೇಡವೆಂದಾಗ ಅದನ್ನು ಹಠವೆಂದು ತಿಳಿಯುವುದು ಬಹಳ ವ್ಯಾಪಕವಾದ ತಪ್ಪು ಕಲ್ಪನೆ. ಆಲೋಚನೆ ಮತ್ತು ಗ್ರಹಿಕೆಗಳು ವಾಸ್ತವದ ಹಿಡಿತ ತಪ್ಪುವ ಸ್ಕಿಜೋಫ್ರೀನಿಯಾದಲ್ಲಿ, ಹಾಗೆಯೇ ಉನ್ಮಾದ ಮತ್ತು ಖಿನ್ನತೆಗಳು ಬಂದುಹೋಗುವ ಬೈಪೋಲಾರ್ ಕಾಯಿಲೆಯಲ್ಲಿ, ತನಗೆ ರೋಗವಿದೆ ಎಂಬ ಅರಿವನ್ನೇ ರೋಗವು ಕಸಿದುಕೊಳ್ಳುವುದುಂಟು. ಇದಕ್ಕೆ ಅನೋಸೊಗ್ನೋಸಿಯಾ ಎಂದು ಹೆಸರು. ಪಾರ್ಶ್ವವಾಯು ಬಡಿದಿದ್ದರೂ ಕೈಕಾಲು ಸರಿಯಾಗಿಯೇ ಇವೆ ಎನ್ನುತ್ತಿದ್ದ ರೋಗಿಗಳನ್ನು ಕಂಡು, ನರರೋಗ ತಜ್ಞ ಜೋಸೆಫ್ ಬಾಬಿನ್‌ಸ್ಕಿ 1914ರಲ್ಲಿ ಈ ಪದವನ್ನು ಬಳಕೆಗೆ ತಂದರು. ಎಲ್ಲ ನಿರಾಕರಣೆಯೂ ಇದರಿಂದಲೇ ಹುಟ್ಟುವುದಿಲ್ಲ. ಮಾತ್ರೆಯಿಂದ ಮೈತೂಕ ಹೆಚ್ಚುವುದು, ಹಗಲೆಲ್ಲ ಮಂಪರು ಕವಿಯುವುದು, ಕೆಲಸ ಹೋದೀತೆಂಬ ಭಯ, ಇವೆಲ್ಲ ನ್ಯಾಯವಾದ ಕಾರಣಗಳೇ ಆಗಿದ್ದು, ಅವನ್ನು ಕೇಳಿ ತಿಳಿದುಕೊಳ್ಳಬೇಕು.

ಪುರಾವೆ ಕೊಟ್ಟು ವಾದಿಸಿದರೆ ಭ್ರಮೆ ಕಳಚುತ್ತದೆ ಎಂಬ ನಂಬಿಕೆಯೂ ಹುಸಿ. ಗುರುಗ್ರಾಮದ ಪಿ.ಜಿ.ಯೊಂದರಲ್ಲಿ ಅಡುಗೆಯವನು ಊಟಕ್ಕೆ ವಿಷ ಬೆರೆಸುತ್ತಾನೆಂದು ನಂಬಿ, ಬಾಗಿಲು ಹಾಕಿಕೊಂಡು ಬಿಸ್ಕತ್ತಿನ ಪೊಟ್ಟಣಗಳಲ್ಲೇ ದಿನ ದೂಡುವ ಯುವಕನೊಬ್ಬನನ್ನು ಊಹಿಸಿಕೊಳ್ಳಬಹುದು. ಅದೇ ತಟ್ಟೆಯಿಂದ ಉಂಡು ತೋರಿಸುವ ಗೆಳೆಯ ಅವನ ಕಣ್ಣಿಗೆ ಸಂಚಿನ ಪಾಲುದಾರನಾಗಬಹುದು. ಭ್ರಮೆಯನ್ನು ಒಪ್ಪದೆ, ಹಳಿಯದೆಯೂ, "ಹಾಗನ್ನಿಸುತ್ತಿದ್ದರೆ ನಿದ್ದೆಯಾದರೂ ಹೇಗೆ ಬರಬೇಕು ಮಾರಾಯ" ಎಂದು ಕೇಳುವವನಿಗೆ ಮಾತು ಮುಂದುವರಿಸಲು ದಾರಿಯಿರುತ್ತದೆ. ರೋಗವನ್ನು ಒಪ್ಪದವನೂ ನಿದ್ದೆಯಿಲ್ಲದ್ದನ್ನು ಒಪ್ಪಿ ಅದಕ್ಕಾಗಿಯೇ ವೈದ್ಯರ ಬಳಿಗೆ ಬರಬಹುದು. ಊಟದಲ್ಲಿ ಮಾತ್ರೆ ಬೆರೆಸುವುದಂತೂ ಅತ್ಯಂತ ಅಪಾಯಕಾರಿ, ಏಕೆಂದರೆ ಅದು ಬಯಲಾದ ದಿನ ಅವನ ಶಂಕೆಯೇ ನಿಜವಾಗಿಬಿಡುತ್ತದೆ.

ಕಾನೂನಿನ ಬಗ್ಗೆ ಪರಸ್ಪರ ವಿರುದ್ಧವಾದ ಎರಡು ತಪ್ಪು ತಿಳಿವಳಿಕೆಗಳಿವೆ: ಮನೆಯವರು ಬಯಸಿದರೆ ಯಾರನ್ನಾದರೂ ಆಸ್ಪತ್ರೆಗೆ ಸೇರಿಸಬಹುದೆಂಬುದು ಒಂದು, ಒಪ್ಪಿಗೆಯಿಲ್ಲದೆ ಏನನ್ನೂ ಮಾಡುವಂತಿಲ್ಲವೆಂಬುದು ಇನ್ನೊಂದು. 2018ರ ಮೇ 29ರಂದು ಜಾರಿಗೆ ಬಂದ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಎರಡನ್ನೂ ಅಲ್ಲಗಳೆಯುತ್ತದೆ. ತನ್ನ ಚಿಕಿತ್ಸೆಯ ಬಗ್ಗೆ ತಿಳಿದು ನಿರ್ಧರಿಸಬಲ್ಲವನಿಗೆ ಅದನ್ನು ನಿರಾಕರಿಸುವ ಹಕ್ಕೂ ಇದೆ. ಆದರೆ ತನಗೋ ಇತರರಿಗೋ ಹಾನಿ ಮಾಡುವ ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯಕ್ಕೆ ಬೀಳುವ ಸ್ಥಿತಿ ಬಂದಾಗ, ಒಬ್ಬ ಮನೋವೈದ್ಯರೂ ಮತ್ತೊಬ್ಬ ಮಾನಸಿಕ ಆರೋಗ್ಯ ತಜ್ಞರೋ ವೈದ್ಯರೋ ಪ್ರತ್ಯೇಕವಾಗಿ ಪರೀಕ್ಷಿಸಿ ಒಪ್ಪಿದರೆ, 89ನೇ ಕಲಮಿನಡಿ 30 ದಿನಗಳವರೆಗೆ ದಾಖಲಿಸಿಕೊಳ್ಳಬಹುದು. ತುರ್ತಿನಲ್ಲಿ ಯಾವುದೇ ನೋಂದಾಯಿತ ವೈದ್ಯರು 94ನೇ ಕಲಮಿನಡಿ ಗರಿಷ್ಠ 72 ಗಂಟೆಗಳ ಚಿಕಿತ್ಸೆ ನೀಡಬಹುದು. ಆತ್ಮಹತ್ಯೆಯ ಮಾತು ಬಂದಾಗ ಕೇಸಿನ ಭಯದಿಂದ ಮುಚ್ಚಿಡುವುದೂ ತಪ್ಪು: ಅಂಥ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರೆಂದೇ 115ನೇ ಕಲಮು ಭಾವಿಸುತ್ತದೆ. ಆಗ ಅವರನ್ನು ಒಂಟಿಯಾಗಿ ಬಿಡದೆ 112ಕ್ಕೆ ಕರೆ ಮಾಡಬೇಕು.

ರಾಷ್ಟ್ರ ರಾಜಧಾನಿ ವಲಯದ ದೆಹಲಿ, ಗುರುಗ್ರಾಮ, ನೋಯ್ಡಾಗಳು ಬೇರೆಬೇರೆ ಆಡಳಿತಗಳಿಗೆ ಸೇರಿದ್ದರೂ ಕಾಯ್ದೆ ಒಂದೇ. ಮಾನಸಿಕ ಮತ್ತು ನರರೋಗಗಳಿಗೆ ಮೀಸಲಾದ ಸರ್ಕಾರಿ ಸಂಸ್ಥೆ ಇಹ್ಬಾಸ್ ದೆಹಲಿಯ ದಿಲ್ಶಾದ್ ಗಾರ್ಡನ್‌ನಲ್ಲಿದೆ. ಏಮ್ಸ್‌ನಲ್ಲೂ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಲಭ್ಯವಿದ್ದು, ರೋಗಿಯೇ ಕರೆ ಮಾಡಬೇಕೆಂದಿಲ್ಲ, ದಿಕ್ಕು ತೋಚದ ಗೆಳೆಯನೂ ಮಾಡಬಹುದು.

ಗೆಳೆಯನಿಗೆ ಕಾನೂನಿನಲ್ಲಿ ಸ್ಥಾನವಿಲ್ಲವೆಂಬ ಮಾತಂತೂ, ತಂದೆತಾಯಿ ಕರ್ನಾಟಕದಲ್ಲೂ ಮಕ್ಕಳು ರಾಜಧಾನಿ ವಲಯದ ಬಾಡಿಗೆ ಕೋಣೆಗಳಲ್ಲೂ ಇರುವ ಕುಟುಂಬಗಳಿಗೆ ಬಹಳ ಹಾನಿ ಮಾಡುತ್ತದೆ. ವಯಸ್ಕನಾದ ಯಾರನ್ನೇ ಆಗಲಿ, ರಕ್ತಸಂಬಂಧವಿಲ್ಲದಿದ್ದರೂ, ತನ್ನ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯೆಂದು ನೇಮಿಸಿಕೊಳ್ಳಲು 14ನೇ ಕಲಮು ಅವಕಾಶ ಕೊಟ್ಟಿದೆ. ದಾಖಲಾತಿಗೆ ಅರ್ಜಿ ಹಾಕುವ ಅಧಿಕಾರ ಈ ಪ್ರತಿನಿಧಿಯದು. ಈ ನೇಮಕಕ್ಕೆ ಸ್ಟಾಂಪ್ ಪೇಪರ್ ಬೇಕಿಲ್ಲ. ಬಿಳಿ ಹಾಳೆಯಲ್ಲಿ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರಾಯಿತು. ರೋಗ ಉಲ್ಬಣಿಸಿದಾಗ ಈ ಮಾತನ್ನೆತ್ತಿದರೆ ಶಂಕೆಯೇ ಬೆಳೆಯುವುದರಿಂದ, ಗೆಳೆಯ ಸ್ವಸ್ಥನಾಗಿದ್ದು ಮನಬಿಚ್ಚಿ ಮಾತನಾಡುವ ದಿನಗಳಲ್ಲೇ ಆ ಹಾಳೆಯನ್ನು ಬರೆಸಿಕೊಂಡು, ಒಂದು ಪ್ರತಿಯನ್ನು ಊರಿನಲ್ಲಿರುವ ಮನೆಯವರಿಗೂ ತಲುಪಿಸಬೇಕು.